ನೆಳ್ಳಿಲ್ಲದ ಜೋಡಿ

ನಿನ್ನೆ ಹುಬ್ಬಳ್ಳಿ ವಿದ್ಯಾನಗರದಾಗ ಹೊಸಾದೊಂದು ಕೆಫೆಕ್ಕ ಅಳಿಯ ಕರಕೊಂಡು ಹೋಗಿದ್ದ. ಗಿರ್ಮಿಟ್ಟಿಗೆ 120 ರೂಪಾಯಿ. ಅದನ್ನ ನುಂಗಿಕೊಂಡೆ. ಗ್ವಾಡಿ ಮ್ಯಾಲಿಂದು ಮಾತ್ರ ನುಂಗಾಕ ಆಗಲಿಲ್ಲ.

ಅಮೆರಿಕದ ಚಿತ್ರಗಾರ ಎಡ್ವರ್ಡ್ ಹಾಪರ್ ನ್ಯೂಯಾರ್ಕಿನ ಸೆವೆಂತ್ ಅವೆನ್ಯೂ ನೋಡಿ 1930ರಾಗ ಬರೆದ ‘ಅರ್ಲಿ ಸಂಡೇ ಮಾರ್ನಿಂಗ್’ ಅನ್ನೂ ಚಿತ್ರ. ಗ್ವಾಡಿ ತುಂಬ ಹಿಗ್ಗಿಸಿ ಅಂಟಿಸ್ಯಾರ. ಎರಡು ಅಂತಸ್ತಿನ ಕೆಂಪು ಇಟ್ಟಂಗಿ ಸಾಲು, ಕೆಳಗ ಮುಚ್ಚಿದ ಅಂಗಡಿ, ಮ್ಯಾಲೆ ಕಿಟಕಿಗೆ ಅರ್ಧಂಬರ್ಧ ಇಳಿಬಿಟ್ಟ ಹಳದಿ ಪರದೆ. ಎಲ್ಲಾ ಸರಿ. ಆದ್ರ ನಟ್ಟನಡು ಫುಟ್‌ಪಾತಿನ ಮ್ಯಾಲೆ ಚಾದ ಕಪ್ ಹಿಡಕೊಂಡು ನಗಕೋತ ನಿಂತ ಹುಡುಗ-ಹುಡುಗಿ! ಕಂಪ್ಯೂಟರಿನ್ಯಾಗ ತಂದು ನಿಲ್ಲಿಸ್ಯಾರ.

ಆ ಚಿತ್ರದಾಗ ಮೊದ್ಲು ಮನಷ್ಯಾ ಇದ್ದಾ ರೀ. ಮ್ಯಾಲಿನ ಒಂದು ಕಿಟಕ್ಯಾಗ ಹಾಪರ್ ಒಬ್ಬರನ್ನ ಬರದು, ಆಮ್ಯಾಲೆ ಬಣ್ಣಾ ಬಳದು ಮುಚ್ಚಿಬಿಟ್ಟ. ಬರದಾವನ ಬ್ಯಾಡ ಅಂದದ್ದನ್ನ ಇವರು ಜೋಡಿಲೆ ತಂದು ಕೂಡಸ್ಯಾರ. ಹೆಸರಿನ್ಯಾಗಿನ ‘ಸಂಡೇ’ ಸೈತ ತಂದಲ್ಲ, ಬ್ಯಾರೆ ಯಾರೋ ಸೇರಿಸಿದ್ದು ಅಂತ ಅಂವನ ಹೇಳಿದ್ದ. ಖಾಲಿ ಜಾಗಾ ಕಂಡ್ರ ಮಂದಿಗೆ ಕೈ ತಡಿಯೂದಿಲ್ಲ.

ಅಂವ ಬರದದ್ದು ಬಿಸಲು. ಎಳಿ ಬಿಸಲು. ಕ್ಷೌರದಂಗಡಿ ಕಂಬದ್ದು, ಬೆಂಕಿ ಆರಸೂ ನೀರಿನ ನಳದ್ದು ನೆಳ್ಳು ಫುಟ್‌ಪಾತಿನ ಮ್ಯಾಲೆ ಉದ್ದಕ ಮಲಗ್ಯಾವ. ಆ ಗಿಡ್ಡ ನಳಕ್ಕೂ ನೆಳ್ಳೈತಿ, ಈ ಜೋಡಿಗಿಲ್ಲ! ನಮ್ಮಜ್ಜಿ ಇದ್ದಿದ್ರ ದೆವ್ವಾ ಅಂತ ಚಾ ಬಿಟ್ಟು ಎದ್ದು ಬರ್ತಿದ್ಲು.

ಮಾಲಕಗ ಹೇಳಿದೆ. “ಖಾಲಿ ರಸ್ತಾ ನೋಡಿದ್ರ ಗಿರಾಕಿಗೆ ಲೋನ್ಲಿ ಅನಸ್ತೈತ್ರಿ ಅಂಕಲ್” ಅಂದ. ಇರಬಹುದಪಾ, ಅವಗೂ ಬಾಡಿಗಿ ಕಟ್ಟೂದೈತಿ. ಆದ್ರ ಒಂದಿನ ನಸಿಕಿನ್ಯಾಗ ಎದ್ದು ಧಾರವಾಡದ ಸುಭಾಸ ರಸ್ತೆಕ್ಕ ಬಾ ತಮ್ಮಾ. ಶಟರ್ ಎಲ್ಲಾ ಇಳದಿರ್ತಾವ. ಒಂದು ನಾಯಿ. ಬಿಸಲು ಮೊದ್ಲ ಮ್ಯಾಲಿನ ಕಿಟಕಿಗೆ ಬಡದು, ಸಾವಕಾಶ ಬೋರ್ಡಿನ ಅಕ್ಷರಕ್ಕ ಇಳೀತೈತಿ. ನಮ್ಮಾಕಿ ಹೋದಮ್ಯಾಲೆ ಹಾಲು ತರೂ ನೆವಾ ಮಾಡಿ ದಿನಾ ಅಲ್ಲೇ ನಿಂತಿರ್ತೀನಿ. ಬ್ಯಾಸರ ಆಗೂದು ಅಲ್ಲಲ್ಲ, ಹೊಳ್ಳಿ ಮನಿಗೆ ಬಂದು ಟಿವಿ ಹಚ್ಚಿದಾಗ.

ಮಾಲಕನ್ನ ಬೈಕೋತ ಬಂದೆ ಖರೆ, ರಾತ್ರಿ ನಿದ್ದಿ ಹತ್ತಲಿಲ್ಲ. 30 ವರ್ಷ ಡ್ರಾಯಿಂಗ್ ಮಾಸ್ತರಿಕಿ ಮಾಡಿದಾವ ನಾನು, ನಿಮಗ ಗೊತ್ತಲ್ಲ. ಒಮ್ಮೆ ‘ನಮ್ಮೂರ ಓಣಿ’ ಬರೀರಿ ಅಂದಾಗ ಒಬ್ಬ ಹುಡುಗ ಮುಚ್ಚಿದ ಬಾಗಿಲಾ, ಕಟ್ಟಿ, ಕಟ್ಟಿ ಮುಂದ ಬಿದ್ದ ಉದ್ದನ್ನ ನೆಳ್ಳು, ಇಷ್ಟ ಬರಕೊಂಡು ಬಂದಿದ್ದ. 10ಕ್ಕ 4 ಹಾಕಿದ್ದೆ. ಕೆಂಪು ಪೆನ್ನಿಲೆ, ಆ ನೆಳ್ಳಿನ ಮ್ಯಾಲೇ ಬರದಿದ್ದೆ: “ಮಂದಿ ಎಲ್ಲಿ?”