ಪಾರ್ತಿಸುಬ್ಬನ ಫೈಲು

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಸೀತಾಂಗೋಳಿ ದಾಟಿ ಬದಿಯಡ್ಕ ತಲಪುವಷ್ಟರಲ್ಲಿ ನಮ್ಮ ಮಾಷ್ಟ್ರು ಏಳೆಂಟು ಕಡೆ ಕೈ ಮುಗಿಯುತ್ತಾರೆ. ಫ್ಲೆಕ್ಸಿನಲ್ಲಿ. ‘ಗಡಿನಾಡ ಹೆಮ್ಮೆಯ ಪುತ್ರ, ನೂತನ ಕುಲಪತಿಗಳಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ಅಭಿನಂದಿಸುವವರ ಫೋಟೊ, ಮಾಷ್ಟ್ರದ್ದಕ್ಕಿಂತ ಸ್ವಲ್ಪ ದೊಡ್ಡದು. ಯಾವ ವಿಶ್ವವಿದ್ಯಾಲಯ ಅಂತ ಮಾತ್ರ ಕೇಳಬೇಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಈ ಸೀಮೆಯಲ್ಲಿ ಜಾಸ್ತಿ. ಮಾಷ್ಟ್ರು ನಾನೇ ಕಟ್ಟಿದ ವೇಷ. ಅವರು ಕೂತ ಕುರ್ಚಿ ಎಲ್ಲ ಕಡೆಯೂ ಉಂಟು.

ಕುರ್ಚಿ ಹತ್ತುವ ಮೊದಲು ಅವರಿಗೆ ಇದ್ದದ್ದು ಒಂದೇ ಹುಚ್ಚು. ಹಳೆ ಮನೆಗಳ ಅಟ್ಟ ಹತ್ತಿ ಯಕ್ಷಗಾನ ಪ್ರಸಂಗಗಳ ತಾಳೆಗರಿ ಹುಡುಕುವುದು. ಇಲಿ ತಿಂದದ್ದು, ಹೊಗೆ ಹಿಡಿದದ್ದು, ಯಾವುದೂ ಬೇಡ ಅನ್ನುತ್ತಿರಲಿಲ್ಲ. ಯಕ್ಷಗಾನ ರಾಮಾಯಣ ಬರೆದದ್ದು ಕುಂಬಳೆಯ ಪಾರ್ತಿಸುಬ್ಬನೋ ಅಲ್ಲವೋ ಅಂತ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತರಂಥ ವಿದ್ವಾಂಸರೇ ಜಟಾಪಟಿ ಮಾಡಿದ್ದಾರೆ. ಆ ಜಗಳವನ್ನು ಮುಗಿಸಿಯೇ ಸಾಯುತ್ತೇನೆ ಎಂದು ಮಾಷ್ಟ್ರು ಹಟ ಹಿಡಿದಿದ್ದರು. ಒಂದು ಗರಿ ಕೈಗೆ ಕೊಟ್ಟರೆ ಸಾಕು, ಗರಿಯಲ್ಲಿ ಅಕ್ಷರ ಕೊರೆಯುವ ಕಂಠ ಹಿಡಿದ ಕೈ ಯಾರದ್ದು, ಎಲ್ಲಿ ಪದ ಬಿಟ್ಟಿದ್ದಾನೆ, ಎಲ್ಲಿ ತೂಕಡಿಸಿದ್ದಾನೆ, ಎಲ್ಲ ಹೇಳುತ್ತಿದ್ದರು. ಆಗ ಒಬ್ಬನೂ ಫ್ಲೆಕ್ಸ್ ಹಾಕಲಿಲ್ಲ. ‘ಇದರಲ್ಲಿ ನಿಮಗೆ ಏನಾದರೂ ಸಿಕ್ತದಾ ಮಾಷ್ಟ್ರೇ?’ ಅಂತ ಕೇಳಿದವರು ಉಂಟು.

ಸಿಗುವ ಕಾಲ 2010ರಲ್ಲಿ ಬಂತು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ, ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಪಟ್ಟಿ ತಂದಿತು. ಲೇಖನಕ್ಕೆ ಅಂಕ, ಸೆಮಿನಾರಿಗೆ ಅಂಕ, ಸಮಿತಿಯಲ್ಲಿ ಕೂತರೂ ಅಂಕ. ಅಟ್ಟ ಹತ್ತಿದ್ದಕ್ಕೆ ಕಾಲಂ ಇರಲಿಲ್ಲ. ಒಂದು ಪ್ರಸಂಗದ ಶುದ್ಧ ಪಾಠ ತೆಗೆಯಲು ಮಾಷ್ಟ್ರು ವರ್ಷಗಟ್ಟಲೆ ತಿಣುಕುತ್ತಿದ್ದರು. ಪಕ್ಕದ ಟೇಬಲ್ಲಿನವರು ಒಂದೇ ಲೇಖನಕ್ಕೆ ಐದು ತಲೆಬರಹ ಕೊಟ್ಟು ಐದು ಕಡೆ ಓದಿ ಬಂದರು, ಬಡ್ತಿ ತೆಗೆದುಕೊಂಡರು. ಮನೆಯಲ್ಲೂ ಮಾತು ಬಂತು. ಸರಿ, ಮಾಷ್ಟ್ರು ಹಾಸ್ಟೆಲ್ ವಾರ್ಡನ್ ಆದರು. ಆಮೇಲೆ ಪರೀಕ್ಷಾ ಸಮಿತಿ, ಖರೀದಿ ಸಮಿತಿ, ಸಮಿತಿಗಳ ಮೇಲೊಂದು ಸಮಿತಿ. ಫಾರಂಗಳನ್ನು ಹೇಳಿದ ದಿನಕ್ಕೆ ತುಂಬಿ ಕೊಡುವ ಪಂಡಿತ ಸಿಕ್ಕಿದ್ದು ಮೇಲಿನವರಿಗೆ ಭಾರೀ ಖುಷಿ. ಅಷ್ಟರ ನಂತರ ಯಾರಾದರೂ ಬಿಡುತ್ತಾರಾ?

ಕುಲಪತಿಯಾಗಲು ಪ್ರೊಫೆಸರ್ ಆಗಿಯೋ, ಹೆಸರುವಾಸಿ ಸಂಶೋಧನಾ ಇಲ್ಲವೇ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲೋ 10 ವರ್ಷ ಇದ್ದಿರಬೇಕು ಅನ್ನುತ್ತದೆ ಯುಜಿಸಿಯ 2018ರ ನಿಯಮ. ಟೆಂಡರ್ ಕರೆಯುವುದು ಹೇಗೆ, ಓಡಿಟಿನವರು ಬಂದರೆ ಏನು ಹೇಳಬೇಕು, ಹಾಸ್ಟೆಲಿನ ಸಾಂಬಾರಿನಲ್ಲಿ ಹುಳ ಸಿಕ್ಕಿದ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಇದನ್ನೆಲ್ಲ ನಿಯಮ ಕೇಳುವುದಿಲ್ಲ. ಯಕ್ಷಗಾನದಲ್ಲಿ ಮಾತು ಕಟ್ಟುವ ಒಳ್ಳೆಯ ಅರ್ಥಧಾರಿ ಅಂತ ಹಿಡಿದು ತಂದು ಮೇಳದ ಮೆನೇಜರ್ ಮಾಡಿದ ಹಾಗೆ. ಮೇಳಕ್ಕೆ ಅರ್ಥಧಾರಿಯೂ ಹೋದ, ಟೆಂಟಿನ ಲೆಕ್ಕವೂ ಹೋಯಿತು. ಇದು ಕೊನೆಗೆ ಮೇಲಿನವರಿಗೂ ಹೊಳೆದಿರಬೇಕು. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ಬಿಟ್ಟಿತು. ಉದ್ಯಮ, ಸರ್ಕಾರಿ ಆಡಳಿತದಲ್ಲಿ ಪಳಗಿದವರೂ ಕುಲಪತಿ ಆಗಬಹುದಂತೆ. ಪಂಡಿತರಿಗೆ ಆಡಳಿತ ಬರುವುದಿಲ್ಲ ಅಲ್ವಾ, ಹಾಗಾಗಿ ಆಡಳಿತ ಬರುವವರಿಗೆ ಪಾಂಡಿತ್ಯ ಬೇಡ. ಕೇರಳ ವಿಧಾನಸಭೆ ಇದರ ವಿರುದ್ಧ ನಿರ್ಣಯ ಮಾಡಿತು. ಪಂಡಿತರ ಮೇಲಿನ ಪ್ರೀತಿಯಿಂದ ಅಂತ ನೀವು ನಂಬಿದರೆ ನನ್ನ ಅಭ್ಯಂತರ ಇಲ್ಲ.

ಕೇರಳದಲ್ಲಿ ಈ ಕುರ್ಚಿಗೆ ಕೂರುವವರಿಗಿಂತ ವಕೀಲರೇ ಮುಖ್ಯ. ಶೋಧನಾ ಸಮಿತಿ ಪಟ್ಟಿ ಕೊಡುವ ಬದಲು ಒಂದೇ ಹೆಸರು ಕಳಿಸಿತು ಎಂದು 2022ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿ ನೇಮಕ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಮರುವರ್ಷ ಕಣ್ಣೂರು ವಿಶ್ವವಿದ್ಯಾಲಯದ ಕುಲಪತಿಯ ಮರುನೇಮಕವೂ ಬಿತ್ತು. ಹಾಗಾಗಿ ನಮ್ಮ ಮಾಷ್ಟ್ರು ಬೆಳಿಗ್ಗೆ ಎದ್ದು ಮೊದಲು ಓದುವುದು ಕೇಸಿನ ಪಟ್ಟಿ.

ಬದಿಯಡ್ಕದಿಂದ ಕನ್ನಡದವರ ನಿಯೋಗವೊಂದು ಅವರನ್ನು ಕಾಣಲು ಹೋಯಿತು. ಕೈಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಖಾಲಿ ಬಿದ್ದ ಕನ್ನಡ ಹುದ್ದೆಯ ಮನವಿ. ‘ನಮ್ಮ ಮಾಷ್ಟ್ರೇ ಅಲ್ವಾ’ ಎಂಬ ಧೈರ್ಯ. ಇಂಥದ್ದೇ ಹುದ್ದೆ ತುಂಬಿ ಅಂತ ಕಾಸರಗೋಡು ವಿದ್ಯಾನಗರದ ಕಲೆಕ್ಟರ್ ಆಫೀಸಿನ ಎದುರು ಬಿಸಿಲಿನಲ್ಲಿ ಕೂತವರು ಈ ಮಾಷ್ಟ್ರು. ಈಗ ಅವರು ಮನವಿಯನ್ನು ಎರಡು ಸಲ ಓದಿದರು, ಒಂದು ಕಾಗುಣಿತ ತಪ್ಪು ತಿದ್ದಿದರು, ಸೆಕ್ಷನಿಗೆ ಕಳಿಸಿದರು. ತಿಂಗಳು ಕಳೆದು ಉತ್ತರ ಬಂತು, ಇಂಗ್ಲಿಷಿನಲ್ಲಿ: ವಿಷಯ ಪರಿಶೀಲನೆಯಲ್ಲಿದೆ. ಸಹಿ ಮಾತ್ರ ಕನ್ನಡದಲ್ಲಿತ್ತು. ನಿಯೋಗದವರು ಆ ಸಹಿಯ ಫೋಟೊ ತೆಗೆದು ಅಭಿಮಾನದಿಂದ ಹಂಚಿಕೊಂಡರು.

ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬಂದದ್ದು ಆಮೇಲೆ. ವಾರದ ಮೊದಲೇ ದಾರಿ ಬದಿಯ ಕಲ್ಲುಗಳಿಗೆ ಸುಣ್ಣ ಬಂತು. ನರ್ಸರಿಯಿಂದ ಹೂವಿನ ಚಟ್ಟಿ ಬಂತು, ಬೆಲೆಯ ಚೀಟಿ ಸಮೇತ. ನ್ಯಾಕಿಗೆ ಎರಡು ‘ಉತ್ತಮ ಆಚರಣೆ’ ತೋರಿಸಬೇಕಿತ್ತು. ಮೊದಲನೆಯದು ಮಳೆಕೊಯ್ಲು. ಎರಡನೆಯದು ಸಿಗದೆ ಒದ್ದಾಡುತ್ತಿದ್ದಾಗ ಯಾರಿಗೋ ಮಾಷ್ಟ್ರ ಹಳೆ ಕಟ್ಟುಗಳ ನೆನಪಾಯಿತು. ಸ್ಟೋರಿನ ಮೂಲೆಯಿಂದ ಗರಿಗಳನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಬಾಗಿಲಿಗೆ ಬೋರ್ಡ್ ಹೊಡೆದರು.

ತಂಡದಲ್ಲಿದ್ದ ಹಿರಿಯರೊಬ್ಬರಿಗೆ ನಿಜಕ್ಕೂ ಕುತೂಹಲ. ‘ಒಂದು ಗರಿ ಓದಿ ಸಾರ್’ ಅಂದರು. ಮಾಷ್ಟ್ರು ಕನ್ನಡಕ ಏರಿಸಿ, ಗರಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಒಂದು ಸಾಲು ಓದಿದರು. ದನಿಯೂ ಏರಿತು. ಎರಡನೇ ಸಾಲಿಗೆ ಬರುವಾಗ ಪಿಎ ಬಾಗಿ ಕಿವಿಯಲ್ಲಿ, ‘ಸಾರ್, ಊಟದ ಬಿಲ್ಲು’ ಅಂದ. ಮಾಷ್ಟ್ರು ಕಣ್ಣು ಎತ್ತದೆ ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆದು, ಕೈಯಲ್ಲಿದ್ದುದರ ಅಂಚಿಗೆ ‘ನೋಡಿದೆ, ಮುಂದುವರಿಸಿ’ ಎಂದು ಬರೆದು ಸಹಿ ಹಾಕಿದರು. ಕೈಯಲ್ಲಿದ್ದದ್ದು ತಾಳೆಗರಿ.

ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಜಿಯೋಟ್ಯಾಗ್ ಫೋಟೊ ತೆಗೆದಾಗಿತ್ತು, ಅಪ್‌ಲೋಡ್ ಆಯಿತು.

ಈಗ ಓಡಿಟಿನವರ ಆಕ್ಷೇಪ ಬಂದಿದೆ. ಕುಲಪತಿಗಳು ಮಂಜೂರು ಮಾಡಿದ ಸದರಿ ದಾಖಲೆಯಲ್ಲಿ ದಿನಾಂಕ ಇಲ್ಲ, ಸೀಲು ಇಲ್ಲ, ಮೊತ್ತ ನಮೂದಿಸಿಲ್ಲ. ದಾಖಲೆ ಸಿದ್ಧಪಡಿಸಿದ ಪಾರ್ತಿಸುಬ್ಬ ಎಂಬವರ ಹೆಸರು ಸಿಬ್ಬಂದಿ ಪಟ್ಟಿಯಲ್ಲಿ ಕಾಣುವುದಿಲ್ಲ. ಮಾಷ್ಟ್ರು ತಡ ಮಾಡಲಿಲ್ಲ. ಸದರಿ ಪಾರ್ತಿಸುಬ್ಬ ಯಾರು, ಇದನ್ನು ಬರೆದದ್ದು ಅವರೇ ಹೌದೋ ಎಂದು ಪರಿಶೀಲಿಸಿ ಹದಿನೈದು ದಿನದೊಳಗೆ ವರದಿ ಕೊಡಲು ಮೂವರ ಸಮಿತಿ ಮಾಡಿ ಸಹಿ ಹಾಕಿದ್ದಾರೆ. ಅಧ್ಯಕ್ಷರು ಸಿವಿಲ್ ವಿಭಾಗದ ಇಂಜಿನಿಯರ್.