ವಿಮಾನಕ್ಕೆ ಆರ್ಡರ್, ಪೈಲಟ್‌ಗೆ ರೋಸ್ಟರ್

ಏರ್ ಶೋಗಳಲ್ಲಿ ಸಹಿ ಬೀಳುವ ಗಳಿಗೆ ನೋಡುವಂಥದ್ದು. ಮೇಜಿನ ಮೇಲೆ ಮೊಳದುದ್ದದ ಪ್ಲಾಸ್ಟಿಕ್ ವಿಮಾನ, ಹಿಂದೆ ಇಬ್ಬರು ಸಿಇಒಗಳ ಮೂವತ್ತೆರಡೂ ಹಲ್ಲು. ಮರುದಿನದ ಸುದ್ದಿ: ಇನ್ನೂರು ವಿಮಾನ! ಬಿಡಿಸಿ ನೋಡಿದರೆ ಅದರಲ್ಲೊಂದಿಷ್ಟು ಖಚಿತ ಆರ್ಡರ್, ಒಂದಿಷ್ಟು ‘ಬೇಕೆನಿಸಿದರೆ ಕೊಳ್ಳುತ್ತೇವೆ’ ಎಂಬ ಆಪ್ಷನ್, ಮಿಕ್ಕಿದ್ದು ಬರೀ ‘ಕೊಳ್ಳುವ ಇರಾದೆಯಿದೆ’ ಎಂಬ ಪತ್ರ. ಮೊತ್ತವನ್ನು ಲೆಕ್ಕ ಹಾಕುವುದು ಯಾರೂ ಕೊಡದ ಪಟ್ಟಿ ಬೆಲೆಯಲ್ಲಿ. ವಿಮಾನ ತಯಾರಿಸುವ ಏರ್‌ಬಸ್ಸಿಗೇ ನಾಚಿಕೆಯಾಯಿತೋ ಏನೋ, 2018ರ ನಂತರ ಆ ಪಟ್ಟಿ ಪ್ರಕಟಿಸುವುದನ್ನೇ ಬಿಟ್ಟಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಾವು ನಗುತ್ತಿದ್ದೆವು. ಇವರು ಕುಲಾವಿಗೆ ಕಂತಿನಲ್ಲಿ ಮುಂಗಡವನ್ನೂ ಕಟ್ಟುತ್ತಾರೆ. ಕೂಸನ್ನು ಎತ್ತಿ ಆಡಿಸುವವರು ಯಾರು ಎಂಬುದು ಎಚ್‌ಆರ್ ವಿಭಾಗದ ತಲೆನೋವು.

ಆ ತಲೆನೋವಿನ ಲೆಕ್ಕ ಮೂರನೇ ಕ್ಲಾಸಿನದು. ನೂರೆಂಬತ್ತು ಸೀಟಿನ ವಿಮಾನ ದಿನಕ್ಕೆ 12 ಗಂಟೆ ಹಾರಿದರೆ ವರ್ಷಕ್ಕೆ 4,380 ಗಂಟೆ. ಪೈಲಟ್ ವರ್ಷಕ್ಕೆ ಹಾರಬಹುದಾದ ಮಿತಿ ಹಲವು ಕಡೆ 1,000 ಗಂಟೆ. ಭಾಗಿಸಿ: ವಿಮಾನಕ್ಕೆ ಸುಮಾರು 4.4 ಜೋಡಿ ಪೈಲಟ್ (ಕ್ಯಾಪ್ಟನ್, ಸಹಪೈಲಟ್). ಆಡಳಿತ ಮಂಡಳಿಯ ಸ್ಲೈಡಿನಲ್ಲಿ ಇದೇ ಅಂಕಿ ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಆದರೆ ಪೈಲಟ್‌ಗೆ ರಜೆ ಇದೆ, ಜ್ವರ ಬರುತ್ತದೆ, ಸಿಮ್ಯುಲೇಟರ್ ಪರೀಕ್ಷೆ ಇದೆ, ಕರೆ ಬಂದರೆ ಹೊರಡಲೆಂದು ಮನೆಯಲ್ಲಿ ಸ್ಟ್ಯಾಂಡ್‌ಬೈ ಕೂರುವ ದಿನಗಳಿವೆ. ಇವೆಲ್ಲ ಕಳೆದು 800 ಗಂಟೆ ಉಳಿದರೆ ಪುಣ್ಯ. ಆಗ ಬೇಕಾದದ್ದು ಹತ್ತಿರಹತ್ತಿರ ಐದೂವರೆ ಜೋಡಿ. ನೂರು ವಿಮಾನಕ್ಕೆ ವ್ಯತ್ಯಾಸ ಸುಮಾರು 220 ಪೈಲಟ್. ಸ್ಲೈಡಿನಲ್ಲಿ ಈ 220 ಜನರ ಹೆಸರು ‘ಉಳಿತಾಯ’. ಮಂಜು ಕವಿದ ದಿನ ಇವರದೇ ಹೆಸರು ‘ಅನಿವಾರ್ಯ ಕಾರ್ಯಾಚರಣಾ ಕಾರಣ’.

ಈ ಕೊರತೆಯನ್ನು ಇಷ್ಟು ದಿನ ತುಂಬಿಸುತ್ತ ಬಂದಿರುವುದು ಮುಲಾಜು. ಯುರೋಪಿನ ನಿಯಮದಲ್ಲಿ, ದಾರಿಯಲ್ಲಿ ಊಹಿಸದ ತೊಂದರೆ ಬಂದರೆ ಕ್ಯಾಪ್ಟನ್ ತನ್ನ ವಿವೇಚನೆಯಿಂದ ಡ್ಯೂಟಿಯನ್ನು ಎರಡು ಗಂಟೆಯವರೆಗೆ ಬೆಳೆಸಬಹುದು. ವಿವೇಚನೆ ಎಂದರೆ ‘ಆಗುವುದಿಲ್ಲ’ ಎನ್ನುವ ಹಕ್ಕೂ ಹೌದು. ಆದರೆ 35 ನಿಮಿಷದಲ್ಲಿ ಮುಗಿಯದ ಟರ್ನ್‌ಅರೌಂಡನ್ನು (ಇಳಿದ ವಿಮಾನವನ್ನು ಮತ್ತೆ ಹೊರಡಿಸುವ ಕೆಲಸವನ್ನು) 35 ನಿಮಿಷ ಎಂದೇ ಬರೆದು, ದಿನಕ್ಕೆ ನಾಲ್ಕು ಹಾರಾಟ ಹೊಸೆದರೆ, ನಾಲ್ಕನೆಯದಕ್ಕೆ ವಿವೇಚನೆ ಬೇಕೇ ಬೇಕು. ಊಹಿಸದ ತೊಂದರೆಯನ್ನು ತಿಂಗಳ ಮುಂಚೆಯೇ ರೋಸ್ಟರ್ ಎಂಬ ಡ್ಯೂಟಿ ಪಟ್ಟಿಯಲ್ಲಿ ಅಚ್ಚು ಹಾಕಿಸುವ ತ್ರಿಕಾಲಜ್ಞಾನ ಬೇರೆ ಯಾವ ಉದ್ಯಮಕ್ಕಿದೆ?

ಒಂದು ದಿನ ಪೈಲಟ್‌ಗಳ ಒಕ್ಕೂಟ ಸುತ್ತೋಲೆ ಹೊರಡಿಸುತ್ತದೆ: ನಾಳೆಯಿಂದ ನಿಯಮದಂತೆ ಕೆಲಸ. ರಜೆಯ ದಿನ ಫೋನ್ ಎತ್ತುವುದಿಲ್ಲ, ವಿವೇಚನೆ ಬಳಸುವುದಿಲ್ಲ, ಅಷ್ಟೇ. ಆಡಳಿತ ತಕ್ಷಣ ಪತ್ರಿಕಾಗೋಷ್ಠಿ ಕರೆದು ಗದ್ಗದಿತವಾಗುತ್ತದೆ: ‘ನಮ್ಮ ಸಿಬ್ಬಂದಿ ನಿಯಮ ಪಾಲಿಸುತ್ತಿದ್ದಾರೆ, ಪ್ರಯಾಣಿಕರು ದಯವಿಟ್ಟು ಕ್ಷಮಿಸಬೇಕು!’ ಮಾತು ಇಷ್ಟು ನೇರ ಇರುವುದಿಲ್ಲ, ತಾತ್ಪರ್ಯ ಇದೇ.

ಕೆಲವರು ಇನ್ನೂ ಮುಂದೆ ಹೋಗಿದ್ದಾರೆ. 2011ರಲ್ಲಿ ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಾಸ್‌ನ ದೂರದೂರಿನ ಹಾರಾಟದ ಪೈಲಟ್‌ಗಳು ಮಾಡಿದ ಪ್ರತಿಭಟನೆ ಎಂದರೆ ಕೆಂಪು ಟೈ ಕಟ್ಟಿಕೊಂಡು ಮೈಕಿನಲ್ಲಿ ಪ್ರಯಾಣಿಕರಿಗೆ ನಾಲ್ಕು ಮಾತು ಹೇಳಿದ್ದು. ಎಂಜಿನಿಯರ್‌ಗಳ, ಸಾಮಾನು ಹೊರುವವರ ಜಗಳವೂ ಜೊತೆಗಿತ್ತು. ಅಕ್ಟೋಬರ್ 29ರಂದು ಜಗತ್ತಿನಾದ್ಯಂತ ತನ್ನ ವಿಮಾನಗಳನ್ನೆಲ್ಲ ನೆಲಕ್ಕೆ ಇಳಿಸಿ ಕೂರಿಸಿದ್ದು ಮಾತ್ರ ಆಡಳಿತ. ಅದರ ಹಿಂದಿನ ದಿನವಷ್ಟೇ ಸಿಇಒ ಸಂಬಳಕ್ಕೆ ಷೇರುದಾರರ ಸಭೆ ಒಪ್ಪಿಗೆ ಕೊಟ್ಟಿತ್ತು.

ಇನ್ನು ವಿಮಾನದ ಜಾತಿ. ಏರ್‌ಬಸ್ ಎ320 ಲೈಸೆನ್ಸಿನವನು ಬೋಯಿಂಗ್ 737 ಮುಟ್ಟುವಂತಿಲ್ಲ. ಹೊಸ ಟೈಪ್ ರೇಟಿಂಗ್, ಅಂದರೆ ಆ ಜಾತಿಯ ವಿಮಾನಕ್ಕೇ ಪಡೆಯುವ ಅನುಮತಿ ಬೇಕು. ಎ319, ಎ321 ಆದರೆ ಅಡ್ಡಿಯಿಲ್ಲ, ಒಂದೇ ಮನೆತನ. ಆದರೂ ರಿಯಾಯಿತಿ ಕಂಡೊಡನೆ ಆರೇ ಆರು ಬೇರೆ ಜಾತಿಯ ವಿಮಾನ ತರುವ ಜಾಣರಿದ್ದಾರೆ. ಆ ಆರಕ್ಕೆ ಬೇರೆ ಬಿಡಿಭಾಗ, ಬೇರೆ ಸಿಮ್ಯುಲೇಟರ್ ಸಮಯ, ಬೇರೆ ಸ್ಟ್ಯಾಂಡ್‌ಬೈ ಪಡೆ. ಸೇವಾ ಹಿರಿತನದ ಪದ್ಧತಿಯಲ್ಲಿ ದೊಡ್ಡ ವಿಮಾನದ ಒಬ್ಬ ಕ್ಯಾಪ್ಟನ್ ನಿವೃತ್ತನಾದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಏರುತ್ತಾರೆ, ಒಬ್ಬೊಬ್ಬರೂ ತರಬೇತಿಗೆ ಹೊರಡುತ್ತಾರೆ. ಒಂದು ಕುರ್ಚಿ ಖಾಲಿಯಾದರೆ ನಾಲ್ಕು ಕುರ್ಚಿ ವಾರಗಟ್ಟಲೆ ಖಾಲಿ. ರಿಯಾಯಿತಿಯ ಪತ್ರದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಜನ ಸಾಲದಿದ್ದರೆ ವೆಟ್ ಲೀಸ್: ವಿಮಾನ, ಸಿಬ್ಬಂದಿ, ದುರಸ್ತಿ, ವಿಮೆ ಎಲ್ಲ ಹೊರಗಿನವರದು, ಟಿಕೆಟ್ ಮಾತ್ರ ನಮ್ಮದು. ಸ್ವಂತ ಸಿಬ್ಬಂದಿಗೆ ಭತ್ಯೆ ಕೇಳಿದಾಗ ಬರಿದಾಗಿದ್ದ ಖಜಾನೆ ಆಗ ಹೇಗೋ ತುಂಬಿಕೊಳ್ಳುತ್ತದೆ. ಹಿತ್ತಲ ಗಿಡ ಮದ್ದಲ್ಲ, ಗಂಟೆಗಿಷ್ಟು ಬಾಡಿಗೆ ಕೊಟ್ಟು ತಂದ ಗಿಡವೇ ಮದ್ದು.

ಬೋರ್ಡಿಂಗ್ ಹೊತ್ತಿನಲ್ಲಿ ಹದಿನೇಳನೇ ಸಾಲಿನ ಬಳಿ ನಿಂತು ನೋಡಿ. ಗಗನಸಖಿ ಯಾರದೋ ಹನ್ನೆರಡು ಕಿಲೋ ಚೀಲವನ್ನು ತಲೆಯ ಮೇಲಿನ ಗೂಡಿಗೆ ತುರುಕುತ್ತಿದ್ದಾಳೆ. ಮೊಣಕೈಯಲ್ಲಿ ಒಂದು ಮಗುವಿನ ಹಾಲಿನ ಬಾಟಲಿ, ಕಣ್ಣು ತುರ್ತು ಬಾಗಿಲ ಸೀಟಿನವನ ಮೇಲೆ. ಅನೇಕ ಸಂಸ್ಥೆಗಳಲ್ಲಿ ಅವಳ ಸಂಬಳದ ಗಡಿಯಾರ ಇನ್ನೂ ಶುರುವಾಗಿಲ್ಲ, ವಿಮಾನ ಹೊರಟ ಮೇಲಷ್ಟೇ ಅದಕ್ಕೆ ಜೀವ. ಏರ್ ಕೆನಡಾದ ಕ್ಯಾಬಿನ್ ಕ್ರೂ 2025ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ್ದಕ್ಕೆ ನೆಲದ ಮೇಲಿನ ಈ ಬಿಟ್ಟಿ ದುಡಿಮೆಯೂ ಒಂದು ದೊಡ್ಡ ಕಾರಣ.

ಜನರಿದ್ದೂ ಅವರೆಲ್ಲಿದ್ದಾರೆಂದು ತಿಳಿಯದ ವೈಭವ ಬೇರೆ. 2022ರ ಡಿಸೆಂಬರ್ ಚಳಿಗಾಳಿಯಲ್ಲಿ ಅಮೆರಿಕದ ವಿಮಾನ ಸಂಸ್ಥೆ ಸೌತ್‌ವೆಸ್ಟ್‌ನ ಕ್ರೂ ಹಂಚಿಕೆ ವ್ಯವಸ್ಥೆ ಕುಸಿದು 16 ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ವಿಮಾನವಿತ್ತು, ಪೈಲಟ್ ಇದ್ದ. ‘ನಾನಿಲ್ಲಿದ್ದೇನೆ’ ಎಂದು ಹೇಳಲು ಅವನು ಗಂಟೆಗಟ್ಟಲೆ ಫೋನ್ ಹಿಡಿದು ಕಾಯುತ್ತಿದ್ದ.

ಕೊನೆಗೊಂದು ದಿನ ಹೊಸ ವಿಮಾನ ಬಂದೇ ಬರುತ್ತದೆ. ಅಗ್ನಿಶಾಮಕ ವಾಹನಗಳು ಎರಡೂ ಬದಿಯಿಂದ ನೀರು ಚಿಮ್ಮಿಸುತ್ತವೆ, ಫೋಟೊ ಆಗುತ್ತದೆ. ಆಮೇಲೆ ಅದನ್ನು ಹ್ಯಾಂಗರಿನ ಹಿಂದೆ ಎಳೆದು ನಿಲ್ಲಿಸಿ, ಎಂಜಿನ್‌ಗೆ ಕೆಂಪು ಮುಚ್ಚಳ ಹಾಕಿ, ಹುಳ ಗೂಡು ಕಟ್ಟದಂತೆ ವೇಗ ಅಳೆಯುವ ಪಿಟಾಟ್ ಕೊಳವೆಗೂ ಟೋಪಿ ತೊಡಿಸುತ್ತಾರೆ. ಒಂದೇ ಕಡೆ ಭಾರ ಬಿದ್ದು ಟೈರ್ ಚಪ್ಪಟೆಯಾಗದಂತೆ ಆಗಾಗ ಚಕ್ರ ತಿರುಗಿಸಬೇಕು. ತಿರುಗಿಸುವ ತಂತ್ರಜ್ಞನ ಓವರ್‌ಟೈಮ್ ಅರ್ಜಿ ಪರಿಶೀಲನೆಯಲ್ಲಿದೆ.