ಒಲೆಯೇ ಇಲ್ಲದ ರಸವಿದ್ಯೆ

ಕಳೆದ ವಾರ ಗೆಳೆಯನೊಬ್ಬ ವಾಟ್ಸ್ಯಾಪ್‌ನಲ್ಲಿ ಒಂದು ಪೋಸ್ಟರ್ ಕಳಿಸಿದ. ‘ಇನ್ನರ್ ಆಲ್ಕೆಮಿ: ಎರಡು ದಿನಗಳ ಶಿಬಿರ’. ತನ್ನ ಬಾಲ ತಾನೇ ನುಂಗುತ್ತಿರುವ ಹಾವು, ಅದರ ನಡುವೆ ಪದ್ಮಾಸನ ಹಾಕಿ ಕೂತ ಒಂದು ನೆರಳು, ಕೆಳಗೆ ದುಡ್ಡು ಕಟ್ಟೋಕೆ ಕ್ಯೂಆರ್ ಕೋಡ್. ‘ನಿಮ್ಮೊಳಗಿನ ಸೀಸವನ್ನು ಚಿನ್ನವಾಗಿಸಿ’ ಅಂತ ಒಕ್ಕಣೆ. ಅಷ್ಟಾಗಿದ್ದರೆ ಸುಮ್ಮನಿರುತ್ತಿದ್ದೆ. ‘ಮಹಾನ್ ವಿಜ್ಞಾನಿ ನ್ಯೂಟನ್ ಕೂಡ ಆಲ್ಕೆಮಿಸ್ಟ್!’ ಅಂತ ಬೇರೆ ಸೇರಿಸಿದ್ದರು. ಕೆಮಿಸ್ಟ್ರಿ ಪಾಠ ಮಾಡುವವನಿಗೆ ಮೈ ಉರಿಯದೆ ಇರುತ್ತಾ?

ಆಲ್ಕೆಮಿ ಅಂದರೆ ಸೀಸದಂಥ ಲೋಹವನ್ನು ಚಿನ್ನ ಮಾಡಲು ಹೊರಟ ಹಳೆಯ ರಸವಿದ್ಯೆ. ನ್ಯೂಟನ್ ಆಲ್ಕೆಮಿಸ್ಟ್ ಆಗಿದ್ದದ್ದು ನಿಜ. ಆ ವಿಷಯವಾಗಿ ಅವನು ಬರೆದಿಟ್ಟದ್ದು ಸುಮಾರು ಹತ್ತು ಲಕ್ಷ ಪದ. ಅವನ ಕಾಗದಪತ್ರಗಳನ್ನು ತಪಾಸಣೆ ಮಾಡಿದ ಕೇಂಬ್ರಿಜ್‌ನವರು 1888ರಲ್ಲಿ ಈ ಭಾಗ ನಮಗೆ ಬೇಡ ಅಂತ ಮನೆಯವರಿಗೇ ವಾಪಸ್ ಕೊಟ್ಟರು. 1936ರಲ್ಲಿ ಅದೆಲ್ಲ ಲಂಡನ್ನಿನಲ್ಲಿ ಹರಾಜಾಯಿತು. ಅರ್ಥಶಾಸ್ತ್ರಜ್ಞ ಕೇನ್ಸ್ ಕೈಗೆ ಸಿಕ್ಕಷ್ಟನ್ನು ಕೊಂಡು ಕೂಡಿಸಿಟ್ಟ. ಆದರೆ ಈ ನ್ಯೂಟನ್ ಕಣ್ಣುಮುಚ್ಚಿ ಕೂತವನಲ್ಲ ಕಣ್ರೀ. 1680ರ ದಶಕದಲ್ಲಿ ಐದು ವರ್ಷ ಅವನ ಸಹಾಯಕನಾಗಿದ್ದ ಹಂಫ್ರಿ ನ್ಯೂಟನ್ ಹೇಳಿದ್ದು ಕೇಳಿ: ವಸಂತದಲ್ಲಿ ಮತ್ತು ಎಲೆ ಉದುರುವ ಕಾಲದಲ್ಲಿ ಆರಾರು ವಾರ ಲ್ಯಾಬಿನ ಬೆಂಕಿ ಹಗಲೂ ರಾತ್ರಿ ಆರುತ್ತಿರಲಿಲ್ಲವಂತೆ. ಒಂದು ರಾತ್ರಿ ಹಂಫ್ರಿಯ ಪಾಳಿ, ಇನ್ನೊಂದು ರಾತ್ರಿ ವಿಜ್ಞಾನಿ ನ್ಯೂಟನ್‌ದು. ಗುರುತ್ವಾಕರ್ಷಣೆಯ ಆ ಹೆಸರಾಂತ ಪುಸ್ತಕ ‘ಪ್ರಿನ್ಸಿಪಿಯಾ’ವನ್ನು ಅವನು ಬರೆದದ್ದೂ ಅದೇ ವರ್ಷಗಳಲ್ಲೇ.

ಈ ಆಲ್ಕೆಮಿಸ್ಟರು ಏನು ಮಾಡುತ್ತಿದ್ದರು ಅನ್ನೋಕೆ ನನಗೆ ಇಷ್ಟವಾದ ಒಂದು ಪಾಕ ಹೇಳ್ತೀನಿ. ಮೂಸೆಯಲ್ಲಿ ಕಬ್ಬಿಣದ ಮೊಳೆಗಳನ್ನು ಹಾಕಿ ಬೆಳ್ಳಗೆ ಕಾಯಿಸಬೇಕು. ಅದಕ್ಕೆ ಸ್ಟಿಬ್ನೈಟ್ ಪುಡಿ ಸುರಿಯಬೇಕು. ಹಿಂದೆ ಕಣ್ಣಿಗೆ ಸುರ್ಮಾ ಅಂತ ಹಚ್ಚುತ್ತಿದ್ದರಲ್ಲ, ಆ ಕಪ್ಪು ಅದಿರು. ಅದರಲ್ಲಿರುವ ಗಂಧಕ ಕಬ್ಬಿಣಕ್ಕೆ ಅಂಟಿಕೊಂಡು ಕಿಟ್ಟವಾಗಿ ಮೇಲೆ ತೇಲುತ್ತೆ, ಆಂಟಿಮನಿ ಲೋಹ ತಳಕ್ಕಿಳಿಯುತ್ತೆ. ಅದನ್ನು ಸಾಲ್ಟ್‌ಪೀಟರ್ (ಪೆಟ್ಲುಪ್ಪು) ಹಾಕಿ ಮತ್ತೆ ಮತ್ತೆ ಕರಗಿಸಿ ಶುದ್ಧಮಾಡಿ, ನಿಧಾನಕ್ಕೆ ಆರಲು ಬಿಟ್ಟರೆ ಬೆಳ್ಳಿ ಬಣ್ಣದ ಗಟ್ಟಿಯ ನೆತ್ತಿಯ ಮೇಲೆ ಜರಿಗಿಡದ ಎಲೆಗಳಂಥ ಹರಳುಗಳು ನಡುವಿನಿಂದ ಹೊರಕ್ಕೆ ಚಾಚಿ ಒಂದು ನಕ್ಷತ್ರ ಮೂಡುತ್ತೆ. ಈ ಗಟ್ಟಿಗೆ ಅವರು ಇಟ್ಟ ಹೆಸರು ರೆಗ್ಯುಲಸ್, ‘ಪುಟ್ಟ ರಾಜ’. ಆಕಾಶದಲ್ಲಿ ಸಿಂಹರಾಶಿಯ ಎದೆಯಲ್ಲಿರುವ ರೆಗ್ಯುಲಸ್ ಅಂದರೆ ನಮ್ಮ ಮಘೆ ಮಳೆಯ ಮಘಾ ನಕ್ಷತ್ರವೇ.

ಈ ಆಂಟಿಮನಿ ಗಟ್ಟಿಗೆ ತಾಮ್ರ ಬೆರೆಸಿದರೆ ನೇರಳೆ ಬಣ್ಣದ ಮಿಶ್ರಲೋಹವಾಗಿ, ಮೇಲ್ಮೈಯಲ್ಲಿ ಬಲೆ ಹೆಣೆದ ಹಾಗೆ ಕಾಣುತ್ತೆ. ಅವರ ಸಂಕೇತದಲ್ಲಿ ಕಬ್ಬಿಣ ಅಂದರೆ ಮಾರ್ಸ್, ತಾಮ್ರ ಅಂದರೆ ವೀನಸ್. ರೋಮನ್ ಪುರಾಣದಲ್ಲಿ ವೀನಸ್ ಗಂಡನಿಗೆ ಕಣ್ಣುತಪ್ಪಿಸಿ ಮಾರ್ಸ್ ಜೊತೆ ಮಲಗಿದ್ದಾಗ, ಗಂಡ ವಲ್ಕನ್ (ಅವನು ಕಮ್ಮಾರ!) ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಬೀಸಿ ಇಬ್ಬರನ್ನೂ ಹಿಡಿಯುತ್ತಾನೆ. ಕಥೆಗೆ ಕಥೆಯೂ ಹೌದು, ಲ್ಯಾಬ್ ರೆಕಾರ್ಡೂ ಹೌದು. ಬರ್ಮುಡಾದಲ್ಲಿ ಹುಟ್ಟಿ, ಹಾರ್ವರ್ಡ್‌ನಲ್ಲಿ ಓದಿ, ಲಂಡನ್ ಪ್ಲೇಗಿನಲ್ಲಿ ಸತ್ತ ಆಲ್ಕೆಮಿಸ್ಟ್ ಜಾರ್ಜ್ ಸ್ಟಾರ್ಕಿ ಗುಪ್ತನಾಮದಲ್ಲಿ ಬರೆದದ್ದನ್ನು ನೋಡಿಕೊಂಡು ನ್ಯೂಟನ್ ಈ ಬಲೆ ಮಾಡಿದ. ನಮ್ಮ ಕಾಲದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ವಿಜ್ಞಾನ ಇತಿಹಾಸಕಾರ ವಿಲಿಯಂ ನ್ಯೂಮನ್ ಮತ್ತೆ ಮಾಡಿ ನೋಡಿದರು. ಬಲೆ ಬಂತು.

ಹಾಗಾದರೆ ಒಲೆಯನ್ನು ಹೊರಗೆಸೆದು, ‘ಇದೆಲ್ಲ ಆತ್ಮದ ವಿಷಯ’ ಅಂದವರು ಯಾರು? ಈ ಮಾತು ಜೋರಾದದ್ದು ತೀರಾ ಈಚೆಗೆ. 1850ರಲ್ಲಿ ಇಂಗ್ಲೆಂಡಿನ ಮೇರಿ ಆನ್ ಸೌತ್ ಅನ್ನೋ ಹೆಣ್ಣುಮಗಳು ಹೆಸರು ಹಾಕದೆ ಒಂದು ದಪ್ಪ ಪುಸ್ತಕ ತಂದಳು. ಮೂಸೆ ಅಂದರೆ ಮನುಷ್ಯನೇ, ಕರಗಬೇಕಾದ್ದು ಅವನೊಳಗಿನದೇ ಅನ್ನೋದು ವಾದ. ಪುಸ್ತಕ ಹೊರಬಂದ ಮೇಲೆ ಅವಳ ಅಪ್ಪನಿಗೆ ರಹಸ್ಯವನ್ನೆಲ್ಲ ಬಯಲು ಮಾಡಿಬಿಟ್ಟೆವಲ್ಲ ಅಂತ ಗಾಬರಿಯಾಗಿ, ಪ್ರತಿಗಳನ್ನು ವಾಪಸ್ ತರಿಸಿ ಸುಟ್ಟುಹಾಕಿದ. ಆ ಸಿದ್ಧಾಂತದ ಹತ್ತಿರ ಸುಳಿದ ನಿಜವಾದ ಬೆಂಕಿ ಅದೊಂದೇ ಅಂತ ನನ್ನ ತಮಾಷೆ. ಆಮೇಲೆ ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಯೂಂಗ್ ಬಂದ, 1944ರಲ್ಲಿ ಇದನ್ನು ಮನಶ್ಶಾಸ್ತ್ರ ಮಾಡಿದ. ಅಲ್ಲಿಂದ ಪೋಸ್ಟರಿಗೆ ಬರೋದು ಕಷ್ಟವೇನಲ್ಲ.

ಹಾಗಂತ ದೇವರು ಅಲ್ಲಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಜರ್ಮನಿಯ ಹೈನ್ರಿಚ್ ಖುನ್ರಾತ್‌ನ 1595ರ ಪುಸ್ತಕದಲ್ಲಿ ಒಂದು ಚಿತ್ರವಿದೆ. ಉದ್ದನೆಯ ಹಾಲ್. ಎಡಗಡೆ ಆಲ್ಕೆಮಿಸ್ಟ್ ಪೂಜೆಯ ಗುಡಾರದ ಮುಂದೆ ಮಂಡಿಯೂರಿದ್ದಾನೆ, ಬಲಗಡೆ ಒಲೆ, ಪಾತ್ರೆ, ಸಾಮಾನು. ನಡುವೆ ಮೇಜಿನ ಮೇಲೆ ಸಂಗೀತದ ವಾದ್ಯಗಳು. ನಮ್ಮ ಅಕ್ಕಸಾಲಿಗರು ಕುಲುಮೆಗೆ ಕೈಮುಗಿದು ಕೆಲಸಕ್ಕೆ ಕೂರುತ್ತಾರಲ್ಲ, ಅವರಿಗೆ ಈ ಚಿತ್ರವನ್ನು ಬಿಡಿಸಿ ಹೇಳೋದೇ ಬೇಡ. ಕೈಮುಗಿದ ಮೇಲೆ ತಿದಿ ಒತ್ತಲೇಬೇಕು ಅನ್ನೋದೂ ಅವರಿಗೆ ಗೊತ್ತು. ಪೋಸ್ಟರಿನವರು ಖುನ್ರಾತ್‌ನ ಹಾಲಿನ ಬಲಗಡೆಯನ್ನು ಕತ್ತರಿಸಿ ತೆಗೆದು, ಎಡಗಡೆಗೆ ಟಿಕೆಟ್ ಇಟ್ಟಿದ್ದಾರೆ.

ಗೆಳೆಯನಿಗೆ ಇಷ್ಟನ್ನೂ ವಾಯ್ಸ್ ನೋಟ್ ಮಾಡಿ ಕಳಿಸಿದೆ. ಕೊನೆಗೆ, ಶಿಬಿರದಲ್ಲಿ ಒಲೆ ಇದ್ದರೆ ಹೇಳು, ಮೊಳೆ ನಾನೇ ತರ್ತೀನಿ ಅಂದೆ. ನೀಲಿ ಟಿಕ್ ಬಂದು ಎರಡು ದಿನ ಆಯ್ತು.